ಜನರ ನುಡಿ ಕಲಿತವರು



ನಿನ್ನೆ ಭಕ್ತರೊಬ್ಬರು ಕೇಳಿದರು: “ಬುದ್ಧೀ, ಪಾದ್ರಿಗಳು ನಮ್ಮವರನ್ನು ತಮ್ಮ ಮತಕ್ಕೆ ಸೆಳೆಯಲು ಬಂದವರು. ಮಠದಲ್ಲಿ ಅವರ ಹೆಸರನ್ನೇಕೆ ಎತ್ತಬೇಕು?” ಪ್ರಶ್ನೆ ಸಹಜವಾದುದೇ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಧಾರವಾಡದ ಸೀಮೆಯ ಹಳ್ಳಿಗರಿಗೆ ಆಗ ಕ್ರಿಸ್ತನ ಹೆಸರು ಹೊಸದು. ಬಂದವರಿಗೆ ಕನ್ನಡದ ಅಕ್ಷರ ಹೊಸದು. ಮತಪ್ರಸಾರವೇ ಅವರ ಉದ್ದೇಶ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅವರು ಮೊದಲು ಜನರ ನುಡಿಯನ್ನು ಕಲಿತರು. ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ನಮ್ಮ ಬಸವಪುರಾಣವನ್ನು ಕಲ್ಲಚ್ಚಿನಲ್ಲಿ ಅಚ್ಚುಹಾಕಿಸಿದರು. 1853ರಲ್ಲಿ ಬಂದ ಕಿಟೆಲ್ಲರ ನಿಘಂಟು ಸುಮಾರು 70,000 ಶಬ್ದಗಳೊಡನೆ 1894ರಲ್ಲಿ ಪ್ರಕಟವಾಯಿತು.

ಅವರ ಮತ ಸೇರಿದವರಲ್ಲಿ ಕರಾವಳಿಯ ಬಿಲ್ಲವರು ಬಹಳ. ಮೇಲಿನವರು ದೂರವಿಟ್ಟಿದ್ದ ಆ ಜನರಿಗೆ ಮಿಶನ್ನು ಅಕ್ಷರ ಕಲಿಸಿತು, ನೇಯ್ಗೆಯ ಮತ್ತು ಹಂಚಿನ ಕಾರಖಾನೆಗಳಲ್ಲಿ ಕೆಲಸ ಕೊಟ್ಟಿತು. ಅವರ ಕಷ್ಟವನ್ನು ಅದಕ್ಕೂ ಮೊದಲು ಹೋಗಿ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ನಮ್ಮದೇ ಮಾತು ಹೇಳುತ್ತೇವೆ. ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಸಂಸ್ಕೃತ ಓದಿ ಬಂದ ನಮಗೆ, ವಚನದಲ್ಲಿನ ಒಂದು ಒಕ್ಕಲುತನದ ಮಾತಿನ ಅರ್ಥ ತಿಳಿಯದೆ ಹೋಯಿತು. ಆ ಪಾದ್ರಿಯ ನಿಘಂಟನ್ನೇ ತೆರೆದೆವು. ಅಂದು ನಮಗೆ ನಾಚಿಕೆಯಾಯಿತು.

ಶರಣರು ಧರ್ಮವನ್ನು ಜನರ ನುಡಿಯಲ್ಲಿ ಹೇಳಿದರು. ನಾವು ಅದನ್ನು ಗಂಟುಕಟ್ಟಿ ಅಟ್ಟದ ಮೇಲಿಟ್ಟೆವು. ಪರರ ಮೇಲಣ ಸಿಟ್ಟಿನಿಂದ ಸ್ವಧರ್ಮ ಉಳಿಯದು. ದೂರವಾದವನ ಬಾಗಿಲಿಗೆ ನೀವೇ ಹೋಗಿರಿ, ಅವನ ಮಾತಿನಲ್ಲೇ ಅವನ ಕಷ್ಟವನ್ನು ಕೇಳಿರಿ. ಜಂಗಮವೆಂದರೆ ಅದೇ.