ಅಂಗೈಯಲ್ಲಿನ ಊರುಗೋಲು



ಮೊಬೈಲ್ ಫೋನನ್ನು ನಾವು ಈ ಪೀಠದಿಂದ ಎಷ್ಟೋ ಸಲ ಹಳಿದಿದ್ದೇವೆ. ಇಂದು ಅದರ ಪರವಾಗಿ ಒಂದು ಮಾತು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದವರು ರೂಪಿಸಿದ ‘ಎ-ಚೆಸ್’ ವ್ಯವಸ್ಥೆಯಲ್ಲಿ, ಚಿಕಿತ್ಸೆ ಮುಗಿಸಿ ಮರಳಿದವನು ಹಳೆಯ ಅಡ್ಡೆಯತ್ತ ಹೆಜ್ಜೆಯಿಟ್ಟರೆ ಫೋನು ಎಚ್ಚರಿಸುತ್ತದೆ. ಮನಸ್ಸು ಜಾರುವಾಗ ಗುಂಡಿಯೊತ್ತಿದರೆ ಆಪ್ತರಿಗೆ ಕರೆ ಹೋಗುತ್ತದೆ. 349 ಮದ್ಯವ್ಯಸನಿಗಳ ಮೇಲೆ ನಡೆದ ಪರೀಕ್ಷೆಯ ಫಲ 2014ರಲ್ಲಿ ಪ್ರಕಟವಾಯಿತು: ಫೋನು ಪಡೆದವರು ಮಿತಿಮೀರಿ ಕುಡಿದ ದಿನಗಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಮಾತ್ರ.

ಅಫೀಮು ಜಾತಿಯ ಮಾದಕಗಳಿಗೆ ದಾಸರಾದವರಿಗಾಗಿ 2018ರಲ್ಲಿ ‘ರಿಸೆಟ್-ಓ’ ಎಂಬ ಸಾಧನಕ್ಕೆ ಅಲ್ಲಿ ಸರ್ಕಾರದ ಸಮ್ಮತಿ ದೊರೆಯಿತು. ಅದೂ ಬುಪ್ರೆನಾರ್ಫಿನ್ ಔಷಧದ ಜೊತೆಗೆ, ಔಷಧವನ್ನು ಬಿಟ್ಟಲ್ಲ. ಆದರೆ ಅದನ್ನು ತಯಾರಿಸಿದ ಕಂಪನಿಯೇ 2023ರಲ್ಲಿ ದಿವಾಳಿಯಾಯಿತು!

ಗುಂಡಿಯೊತ್ತುವವನು ಒಬ್ಬ; ಗಂಟೆ ಬಾರಿಸುವುದು ಇನ್ನೊಬ್ಬರ ಮನೆಯಲ್ಲಿ. ನಡುರಾತ್ರಿ ಆ ಕರೆ ಬಂದರೆ ಎದ್ದು ಉತ್ತರಿಸುವವರು ನಮ್ಮ ಧರ್ಮಕೇಂದ್ರದಲ್ಲಿ ಎಷ್ಟು ಮಂದಿ?