ನೀರಿನ ನಡುವೆ ನಿಂತ ದೇವಾಲಯ



ಇಂದು ಅಕ್ಟೋಬರ್ 7, ಜಪಮಾಲೆ ಮಾತೆಯ ಹಬ್ಬ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಇದೇ ಮಾತೆಯ ಹೆಸರಿನ ದೇವಾಲಯವೊಂದಿದೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿ ಗುರುಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರಿನವರು ಎದ್ದು ಹೋಗಬೇಕಾಯಿತು. ಜಲಾಶಯ ತುಂಬಿದರೆ ದೇವಾಲಯ ಅರ್ಧ ಮುಳುಗಿ ನಡುಗಡ್ಡೆಯಂತೆ ಕಾಣುತ್ತದೆ. ಬೇಸಿಗೆಯಲ್ಲಿ ಒಳಗೆ ನಡೆದೇ ಹೋಗಬಹುದು. ಸೂರಿಲ್ಲ, ಕಮಾನುಗಳಿವೆ. ವರ್ಷವರ್ಷವೂ ನೆನೆದು ಒಣಗಿ ಗಾರೆ ಸಡಿಲವಾಗುತ್ತಿದೆ. ನೋಡಲು ಹೋದವರು ಗೋಡೆಯಲ್ಲಿ ಹೆಸರು ಕೆತ್ತಿ ಬರುತ್ತಾರೆ. ಅವರಲ್ಲಿ ನಮ್ಮ ಮಕ್ಕಳೂ ಇರಬಹುದು!

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ನಮಗೆ ಇದು ದೂರದ ಕಥೆಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದವು, ಗುಡ್ಡದ ನೆತ್ತಿಗಳು ನಡುಗಡ್ಡೆಗಳಾದವು. ಅದಕ್ಕೂ ಹಿಂದಿನ ಮಡೆನೂರು ಅಣೆಕಟ್ಟೆಯೇ ನೀರಿನಡಿ ಸೇರಿತು. ವಿದ್ಯುತ್ತು ನಾಡಿಗೆಲ್ಲ ಹರಿಯಿತು. ತುಮರಿ ಕಡೆಯವರು ಮಾತ್ರ ಸೇತುವೆಗಾಗಿ 2025ರವರೆಗೆ ಕಾದರು.

ಶೆಟ್ಟಿಹಳ್ಳಿಯ ಗೋಡೆಗಳನ್ನು ಉಳಿಸಬೇಕು, ನಿಜ. ಆದರೆ ಮುಳುಗಿದ ಊರುಗಳಲ್ಲಿ ಹುಟ್ಟಿದ ಅಜ್ಜ ಅಜ್ಜಿಯರು ನಮ್ಮ ನೆರೆಯಲ್ಲೇ ಇದ್ದಾರೆ. ಈ ಸಂಜೆ ಜಪಮಾಲೆಗೆ ಕೂರುವ ಮೊದಲು ಆ ಊರುಗಳ ಹೆಸರನ್ನು ಅವರಿಂದ ಕೇಳಿ ಬರೆದುಕೊಳ್ಳೋಣ. ಪ್ರಾರ್ಥನೆಯಲ್ಲಿ ಒಂದೊಂದಾಗಿ ಹೇಳೋಣ.