ಚೌಕದ ಗೆರೆ, ನೀರಿನ ಗೆರೆ

ಅಮೆರಿಕದ ಪಶ್ಚಿಮ ನೆಬ್ರಾಸ್ಕ, ವಯೋಮಿಂಗ್ ಕಡೆಯ ಎತ್ತರದ ಬಯಲು ದನ ಸಾಕುವವರ ನಾಡು. ಕಣ್ಣು ಹಾಯಿಸಿದಷ್ಟೂ ಹುಲ್ಲು. ಬಹುತೇಕ ಕಡೆ ವರ್ಷಕ್ಕೆ 20 ಅಂಗುಲ ಮಳೆಯೂ ಇಲ್ಲ.

ಲಕೋಟ, ಶೈಯೆನ್ ಜನರಿಂದ ಕಿತ್ತುಕೊಂಡ ಈ ನೆಲವನ್ನು ಸರ್ಕಾರ ಮೊದಲು ಅಳೆಸಿದ್ದು ಹಂಚುವುದಕ್ಕೆ. ಆರು ಮೈಲಿ ಉದ್ದಗಲದ ಚೌಕ, ಅದರಲ್ಲಿ 640 ಎಕರೆಯ 36 ತುಂಡು. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಒಬ್ಬರಿಗೆ 160 ಎಕರೆ. ಕಾಗದದ ಮೇಲೆ ಚೌಕಗಳೆಲ್ಲ ಸಮ. ತೊರೆ ಹರಿಯುವುದು ಮಾತ್ರ ಎಲ್ಲೋ ಒಂದರಲ್ಲಿ. ತೊರೆ ಸಿಕ್ಕವನಿಗೆ ಸುತ್ತಲಿನ ಹುಲ್ಲುಗಾವಲೂ ಸಿಕ್ಕಂತೆ!

ಇದನ್ನು ಕಂಡು ಹೇಳಿದವರು ಜಾನ್ ವೆಸ್ಲಿ ಪೊವೆಲ್, ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡ ಭೂವಿಜ್ಞಾನಿ. ದನ ಸಾಕುವವನಿಗೆ 2,560 ಎಕರೆ ಬೇಕು, ಗಡಿಯನ್ನು ನೀರು ನೋಡಿ ಎಳೆಯಬೇಕು ಎಂದು 1878ರಲ್ಲೇ ವರದಿ ಕೊಟ್ಟರು. ಸಂಸತ್ತು ಒಪ್ಪಲಿಲ್ಲ. 1904ರಲ್ಲಿ ಪಶ್ಚಿಮ ನೆಬ್ರಾಸ್ಕಕ್ಕೆ 640 ಎಕರೆ ಮಂಜೂರು ಮಾಡಿತು. ಅದೂ ಪೊವೆಲ್ ಹೇಳಿದ್ದರ ಕಾಲು ಭಾಗ. ಎಷ್ಟೋ ಕುಟುಂಬಗಳು ಜಮೀನು ಮಾರಿ ಹೊರಟುಹೋದವು.

1881ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥರಾದ ಪೊವೆಲ್, ದೇಶದ ಏರಿಳಿತದ ನಕ್ಷೆಗೆ ಕೈಹಾಕಿದರು. ಮುಕ್ಕಾಲಿಯ ಮೇಲೊಂದು ಹಲಗೆ, ಹಲಗೆಯ ಮೇಲೆ ಕಾಗದ. ಸರ್ವೆಯವರು ಗುಡ್ಡವೇರಿ, ದೂರದ ಗುರುತನ್ನು ದುರ್ಬೀನಿನಲ್ಲಿ ಹಿಡಿದು, ನಿಂತಲ್ಲೇ ಗೆರೆ ಎಳೆಯುತ್ತಿದ್ದರು. ಇನ್ನೊಂದು ಗುಡ್ಡದಿಂದ ಎಳೆದ ಗೆರೆ ಅದನ್ನು ಕೂಡಿದಲ್ಲಿ ಆ ಗುರುತಿನ ಜಾಗ. ಸಮಾನ ಎತ್ತರದ ಗೆರೆಗಳಿಗೆ ಕಂದು, ನೀರಿಗೆ ನೀಲಿ, ಮನುಷ್ಯ ಕಟ್ಟಿದ್ದಕ್ಕೆ ಕಪ್ಪು.

ದೇಶದ ಮುಖ್ಯಭಾಗಕ್ಕೆ 1:24,000 ಪ್ರಮಾಣದ ಹಾಳೆಗಳು ಪೂರ್ತಿಯಾದದ್ದು 1990ರ ದಶಕದ ಆರಂಭದಲ್ಲಿ. ಈ ಬಯಲಿನ ಹಾಳೆಗಳಲ್ಲಿ ಊರಿನ ಹೆಸರು ಸಿಗುವುದು ಕಷ್ಟ. ಸಿಗುವುದು ಒಂಟಿ ಮನೆ, ಬಾವಿ, ನೀರೆತ್ತುವ ಗಾಳಿಯಂತ್ರ.